ಏಪ್ರಿಲ್ ಮಧ್ಯಾಹ್ನದ ನಾಲ್ಕೂವರೆ ಗಿಗಾಹರ್ಟ್ಜ್

ನನ್ನ ಮೇಜಿನ ಡ್ರಾದಲ್ಲಿ ಒಂದು ಹಳೇ ಪ್ರೊಸೆಸರ್ ಇದೆ, ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್ಪು. ಇಂಟೆಲ್ ಕೋರ್ ಐ5-2500ಕೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಲೋಹದ ಮುಚ್ಚಳದ ಅಂಚಿನಲ್ಲಿ ಒಣಗಿದ ಥರ್ಮಲ್ ಪೇಸ್ಟ್ (ಶಾಖ ದಾಟಿಸಲು ಹಚ್ಚುವ ಲೇಪ) ಬೂದು ಗೆರೆಯಾಗಿ ಕೂತಿದೆ. ಎಷ್ಟೋ ಸಲ ಆ ಡ್ರಾ ಖಾಲಿ ಮಾಡಿದ್ದೇನೆ, ಇದನ್ನು ಮಾತ್ರ ಎಸೆದಿಲ್ಲ. ಇದು ಕೊಟ್ಟ ಖುಷಿಯನ್ನೂ ಮರೆತಿಲ್ಲ, ಇದರಿಂದ ಒಂದು ಮನೆಯವರಿಗೆ ಆದ ನಷ್ಟವನ್ನೂ ಮರೆತಿಲ್ಲ.

2012ರಲ್ಲಿ ನಾನು ರಾಯಚೂರಿನ ಗಂಜ್ (ಕೃಷಿ ಮಾರುಕಟ್ಟೆ) ಹತ್ತಿರ ಒಂದು ಚಿಕ್ಕ ರೂಮಿನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಶುರು ಮಾಡಿದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಮೇಲೆ ಇನ್ನೊಂದು ಮಹಡಿ ಇರಲಿಲ್ಲ. ಹಾಗಾಗಿ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಸೂರ್ಯ ನಮ್ಮ ಛಾವಣಿ ಮೇಲೆಯೇ. ಮೂರು ಗಂಟೆಯ ಎಚ್‌ಡಿ ವಿಡಿಯೋ ರೆಂಡರ್ ಆಗಲು, ಅಂದರೆ ಎಡಿಟ್ ಮಾಡಿದ್ದೆಲ್ಲ ಸೇರಿ ಕೊನೆಯ ಫೈಲ್ ತಯಾರಾಗಲು, ಎಂಟು ಗಂಟೆ ಬೇಕಿತ್ತು. ಸೀಸನ್‌ನಲ್ಲಿ ವಾರಕ್ಕೆ ನಾಲ್ಕು ಮದುವೆ. ಮಧ್ಯೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಮತ್ತೆ ಮೊದಲಿನಿಂದ. ಓವರ್‌ಕ್ಲಾಕಿಂಗ್, ಅಂದರೆ ಪ್ರೊಸೆಸರನ್ನು ಮಾಡಿದವರು ಕೊಟ್ಟ ವೇಗಕ್ಕಿಂತ ಜೋರಾಗಿ ಓಡಿಸೋದು, ಬಹಳ ಜನಕ್ಕೆ ಗೇಮ್ ಆಡೋಕೆ ಬೇಕು. ನನಗೆ ಬೇಕಾಗಿದ್ದು ದಿನದಲ್ಲಿ ಎರಡು ಗಂಟೆ.

ಪ್ರೊಸೆಸರ್ ಒಂದು ತಾಳಕ್ಕೆ ಕೆಲಸ ಮಾಡುತ್ತೆ. ಮೂಲ ತಾಳ 100 ಮೆಗಾಹರ್ಟ್ಜ್. ಅದನ್ನು 33ರಿಂದ ಗುಣಿಸಿಕೊಂಡರೆ 3.3 ಗಿಗಾಹರ್ಟ್ಜ್. ಇಂಟೆಲ್ ಹೆಸರಿನ ಕೊನೆಗೆ 'ಕೆ' ಅಂತ ಇದ್ದರೆ ಆ 33ಕ್ಕೆ ಬೀಗ ಇಲ್ಲ ಅಂತ ಅರ್ಥ, ನಾವೇ ಏರಿಸಬಹುದು. 2011ರ ಜನವರಿಯಲ್ಲಿ ಬಂದ 2500ಕೆಗೆ ಇನ್ನೊಂದು ಒಳ್ಳೇ ಗುಣ ಇತ್ತು. ಒಳಗಿನ ಸಿಲಿಕಾನ್ ತುಣುಕಿಗೂ ಮೇಲಿನ ಮುಚ್ಚಳಕ್ಕೂ ಮಧ್ಯೆ ಬೆಸುಗೆ ಹಾಕಿದ್ದರು. ಶಾಖ ಸಲೀಸಾಗಿ ಹೊರಗೆ ಬರುತ್ತಿತ್ತು. ಮುಂದಿನ ವರ್ಷದ ಪೀಳಿಗೆಯಲ್ಲಿ ಬೆಸುಗೆ ಬಿಟ್ಟು ಪೇಸ್ಟ್ ಹಾಕಿದರು, ಅವು ಬೇಗ ಕಾಯುತ್ತಿದ್ದವು. ಅದಕ್ಕೂ ಹಿಂದೆ, 1998ರಲ್ಲಿ, ಸೆಲೆರಾನ್ 300ಎ ಅಂತ ಒಂದು ಬಂದಿತ್ತು. ಬಸ್ ವೇಗ (ಅದರ ಮೂಲ ತಾಳ) 66ರಿಂದ 100ಕ್ಕೆ ಬದಲಿಸಿದರೆ 300 ಇದ್ದದ್ದು 450 ಮೆಗಾಹರ್ಟ್ಜ್ ಆಗುತ್ತಿತ್ತು, ಅದೂ ಎಷ್ಟೋ ಸಲ ವೋಲ್ಟೇಜ್ ಮುಟ್ಟದೆ. ಓವರ್‌ಕ್ಲಾಕಿಂಗ್ ಮಾಡುವವರು ಇವತ್ತಿಗೂ ಅದರ ಹೆಸರು ಹೇಳುತ್ತಾರೆ. ಕಡಿಮೆ ದುಡ್ಡಿನ ಯಂತ್ರದಲ್ಲಿ ದೊಡ್ಡ ಯಂತ್ರದ ಕೆಲಸ ಸಿಗುವ ಸುಖ ನನ್ನಂಥವನಿಗೆ ಚೆನ್ನಾಗಿ ಅರ್ಥ ಆಗುತ್ತೆ.

ನಾನು ಕೈ ಹಾಕಿದ್ದು 2013ರ ಡಿಸೆಂಬರ್‌ನಲ್ಲಿ. ರಾತ್ರಿ ಊಟ ಮಾಡಿ ರೂಮಿಗೆ ಬರುತ್ತಿದ್ದೆ. ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಹೋಗಿ 33ರ ಬದಲು 38 ಅಂತ ಕೊಡೋದು, ಸೇವ್ ಮಾಡೋದು, ವಿಂಡೋಸ್ ಬಂತಾ ನೋಡೋದು. 40. 42. ನಲವತ್ತಮೂರಕ್ಕೆ ಕಂಪ್ಯೂಟರ್ ನಿಂತು ನೀಲಿ ಪರದೆ. ಆ ಪರದೆಯ ಕೋಡ್‌ನಲ್ಲಿ 101 ಅಂತಿದ್ದರೆ ಬಹುತೇಕ ವೋಲ್ಟೇಜ್ ಸಾಲದು ಅಂತ ಅರ್ಥ. ಟ್ರಾನ್ಸಿಸ್ಟರ್ ಸೊನ್ನೆಯಿಂದ ಒಂದಕ್ಕೆ ತಿರುಗಲು ಒಂದಿಷ್ಟು ಹೊತ್ತು ಬೇಕು. ತಾಳ ಜೋರಾದಷ್ಟೂ ಆ ಹೊತ್ತು ಸಿಗೋದಿಲ್ಲ. ವೋಲ್ಟೇಜ್ ಏರಿಸಿದರೆ ಬೇಗ ತಿರುಗುತ್ತೆ. ಹಾಗೆ ಚೂರು ಚೂರೇ ಏರಿಸುತ್ತಾ 1.38 ವೋಲ್ಟ್‌ಗೆ 4.5 ಗಿಗಾಹರ್ಟ್ಜ್ ನಿಂತಿತು. ಎಲ್ಲ ತುಣುಕೂ ಹೀಗೆ ಬರೋದಿಲ್ಲ. ಒಂದೇ ಗಿಡದ ಹತ್ತಿಯಲ್ಲೂ ಎಳೆಯ ಉದ್ದ ಬೇರೆ ಬೇರೆ ಅಲ್ವಾ, ಹಾಗೆ. ನನಗೆ ಸಿಕ್ಕಿದ್ದು ಒಳ್ಳೇದಿತ್ತು.

ಪ್ರೈಮ್95 ಹಾಕಿ ಮನೆಗೆ ಹೋಗಿ ಮಲಗಿದೆ. ಅದು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಮಾಡಿದ ತಂತ್ರಾಂಶ. ಅದರ ಪರೀಕ್ಷೆಯಲ್ಲಿ ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಪ್ರೊಸೆಸರ್‌ಗೆ ಕೊಟ್ಟು, ಬಂದ ಉತ್ತರವನ್ನು ಹೊಂದಿಸಿ ನೋಡುತ್ತೆ. ಬೆಳಗ್ಗೆ ಬಂದು ನೋಡಿದರೆ ಒಂದೂ ತಪ್ಪಿಲ್ಲ. ರೆಂಡರ್ ಎಂಟು ಗಂಟೆಯಿಂದ ಆರಕ್ಕೆ ಇಳಿದಿತ್ತು. ಅವತ್ತು ನಾನು ಪಟ್ಟ ಸಂತೋಷ ದೊಡ್ಡದು. ಯಾರೋ ಎಲ್ಲೋ ಮಾಡಿದ ವಸ್ತುವಿನ ಒಳಗೆ ಇನ್ನೂ ಎಷ್ಟು ಉಳಿದಿದೆ ಅಂತ ನನ್ನ ಕೈಯಿಂದಲೇ ಕಂಡುಕೊಂಡಿದ್ದೆ. ಅದೇ ಖುಷಿಯಲ್ಲಿ ರ‍್ಯಾಮನ್ನೂ (ಓಡುವ ಕೆಲಸದ ಡೇಟಾ ಇಟ್ಟುಕೊಳ್ಳುವ ಮೆಮೊರಿ) 1333ರ ವೇಗದಿಂದ 1866ಕ್ಕೆ ಏರಿಸಿದೆ. ಅದರ ಬಗ್ಗೆ ಅಷ್ಟು ಯೋಚನೆ ಮಾಡಲಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಪ್ರೊಸೆಸರ್ ತಿನ್ನುವ ವಿದ್ಯುತ್ತು ವೇಗ ಏರಿದಷ್ಟೇ ಏರುತ್ತೆ. ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತೆ. ನನ್ನದು 1.2 ವೋಲ್ಟ್‌ನಿಂದ 1.38ಕ್ಕೆ ಹೋಗಿತ್ತು. ಅದು 15 ಪರ್ಸೆಂಟ್, ವರ್ಗ ಮಾಡಿದರೆ 32. ವೇಗ 3.3ರಿಂದ 4.5, ಅಂದರೆ 36 ಪರ್ಸೆಂಟ್. ಎರಡನ್ನೂ ಗುಣಿಸಿ ನೋಡಿ, 80 ಪರ್ಸೆಂಟ್ ಹತ್ತಿರ ಬರುತ್ತೆ. 36ರಷ್ಟು ಕೆಲಸಕ್ಕೆ 80ರಷ್ಟು ಶಾಖ. ಆ ಶಾಖ ಎಲ್ಲಿಗೂ ಮಾಯ ಆಗೋದಿಲ್ಲ. ಪ್ರೊಸೆಸರ್ ಮೇಲೆ ಕೂತ ಲೋಹದ ಹೀಟ್‌ಸಿಂಕ್‌ಗೆ, ಅಲ್ಲಿಂದ ಫ್ಯಾನ್ ಗಾಳಿಗೆ, ಅಲ್ಲಿಂದ ನಾನು ಕೂತ ರೂಮಿಗೆ.

ಇನ್ನು ರೂಮು. ಓವರ್‌ಕ್ಲಾಕಿಂಗ್ ಬಗ್ಗೆ ನಾನು ಓದಿದ್ದೆಲ್ಲ ಚಳಿ ದೇಶದವರು ಬರೆದದ್ದು. 20, 22 ಡಿಗ್ರಿ ರೂಮಿನಲ್ಲಿ ಕೂತು ಅಳೆದದ್ದು. ಪ್ರೊಸೆಸರ್‌ಗೆ ಕೂರಿಸುವ ಗಾಳಿಯ ಕೂಲರ್ ಆಗಲಿ ನೀರಿನ ಕೂಲರ್ ಆಗಲಿ, ಅದನ್ನು ರೂಮಿಗಿಂತ ತಣ್ಣಗೆ ಮಾಡಲಾರವು. ರೂಮಿನ ಮೇಲೆ ಎಷ್ಟು ಡಿಗ್ರಿ ಅನ್ನೋದಷ್ಟೇ ಅವುಗಳ ಕೈಯಲ್ಲಿರೋದು. ಡಿಸೆಂಬರ್ ರಾತ್ರಿ ನನ್ನ ರೂಮು 24, ಪ್ರೊಸೆಸರ್ 74. ಅಂದರೆ ಮೇಲೆ ಐವತ್ತು. ಅದೇ ಐವತ್ತನ್ನು ಏಪ್ರಿಲ್ ಮಧ್ಯಾಹ್ನದ 41ಕ್ಕೆ ಕೂಡಿಸಿದರೆ 91. ಅಲ್ಲಿಗೂ ನಿಲ್ಲೋದಿಲ್ಲ. ಸಿಲಿಕಾನ್ ಕಾದಷ್ಟೂ ಒಳಗೆ ಸೋರಿಹೋಗುವ ವಿದ್ಯುತ್ತು ಜಾಸ್ತಿ, ಅದರಿಂದ ಇನ್ನಷ್ಟು ಕಾವು. ನನ್ನದು 94ರ ಆಸುಪಾಸು ಓಡುತ್ತಿತ್ತು. ಈ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುವುದು 98ಕ್ಕೆ. ನಾಲ್ಕು ಡಿಗ್ರಿ ಮೊದಲು, ಪೂರ್ತಿ ವೇಗದಲ್ಲಿ, ಯಾವ ಎಚ್ಚರಿಕೆಯೂ ಇಲ್ಲದೆ ಅದು ಓಡುತ್ತಿತ್ತು.

(ದ್ರವ ಸಾರಜನಕ ಸುರಿದು ದಾಖಲೆ ಮಾಡುವವರ ವಿಷಯ ಬೇರೆ. ಮೈನಸ್ 196 ಡಿಗ್ರಿ. ನಮ್ಮ ಕಡೆ ಅದನ್ನು ನೋಡಬೇಕೆಂದರೆ ಪಶು ಆಸ್ಪತ್ರೆಗೆ ಹೋಗಬೇಕು, ದನಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವ ವೀರ್ಯದ ಸ್ಟ್ರಾಗಳನ್ನು ಅದರ ಕ್ಯಾನ್‌ನಲ್ಲೇ ಇಟ್ಟಿರುತ್ತಾರೆ.)

ಬಿಸಿಲಿಗೆ ನಾನು ಕಂಡುಕೊಂಡ ಉಪಾಯ ಎಲ್ಲರ ಉಪಾಯವೇ. ಏರ್ ಕೂಲರ್. ನಮ್ಮದು ಒಣ ಬಿಸಿಲು, ಹಾಗಾಗಿ ಹುಲ್ಲಿನ ಮೇಲೆ ನೀರು ಹರಿಸಿ ಗಾಳಿ ಬಿಟ್ಟರೆ ರೂಮು ಏಳೆಂಟು ಡಿಗ್ರಿ ಇಳಿಯುತ್ತೆ. ಕೂಲರ್ ಮುಂದೆಯೇ ಕಂಪ್ಯೂಟರ್ ಇಟ್ಟೆ. ಮಾರ್ಚ್ ಕೊನೆಗೆ ಉಷ್ಣತೆ ಮತ್ತೆ ಏರತೊಡಗಿತು. ಸೈಡಿನ ತಗಡು ಬಿಚ್ಚಿ ಫ್ಯಾನ್ ತೆಗೆದೆ. ಹೀಟ್‌ಸಿಂಕಿನ ಅಲ್ಯೂಮಿನಿಯಂ ಎಲೆಗಳೇ ಕಾಣುತ್ತಿಲ್ಲ. ಅವುಗಳ ಮೇಲೆ ಒಂದು ಬೂದು ಪದರ. ಉಗುರಿನಿಂದ ಒಂದು ಮೂಲೆ ಎತ್ತಿದೆ. ಕಂಬಳಿ ತುಂಡಿನ ಹಾಗೆ ಇಡಿಯಾಗಿ ಎದ್ದು ಬಂತು. ಹಿಂದುಗಡೆ ಎಲೆಗಳ ಗೆರೆ ಅಚ್ಚೊತ್ತಿತ್ತು. ಗಂಜಿಗೆ ಹತ್ತಿ ಬರುವ ತಿಂಗಳುಗಳಲ್ಲಿ ಗಾಳಿಯಲ್ಲೆಲ್ಲ ನವಿರು ಎಳೆ ತೇಲುತ್ತಿರುತ್ತೆ. ಫ್ಯಾನ್ ಅದನ್ನು ಎಳೆದುಕೊಂಡಿತ್ತು, ಕೂಲರಿನ ತೇವ ಅದನ್ನು ಗಟ್ಟಿ ಮಾಡಿತ್ತು. ಕೇಸಿನ ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ತಂಪು ಕೊಡುತ್ತೆ ಅಂತ ಇಟ್ಟದ್ದೇ ಉಸಿರು ಕಟ್ಟಿಸಿತ್ತು. ಬಣ್ಣದ ಬ್ರಶ್‌ನಿಂದ ಉಜ್ಜಿ, ಹಳೇ ಪೇಸ್ಟ್ ಒರೆಸಿ, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಕೂರಿಸಿದೆ. ಉಷ್ಣತೆ ಎಂಟು ಡಿಗ್ರಿ ಇಳಿಯಿತು. ಕೂಲರನ್ನು ಆಚೆ ಮೂಲೆಗೆ ಸರಿಸಿದೆ. ಅಂದರೆ ಕಂಪ್ಯೂಟರ್ ಸುತ್ತಲಿನ ಗಾಳಿ ಮತ್ತೆ ನಲವತ್ತೊಂದು.

ಆ ಏಪ್ರಿಲ್‌ನಲ್ಲಿ ಮಾನ್ವಿ ಕಡೆಯ ಒಂದು ಮದುವೆ. ಮಧ್ಯಾಹ್ನ ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ತಂದು ಕಾಪಿಗೆ ಹಾಕಿದೆ. ಅದೇ ಹೊತ್ತಿಗೆ ಹಿಂದಿನ ಮದುವೆ ರೆಂಡರ್ ಆಗುತ್ತಿತ್ತು. ನಾಲ್ಕೂ ಕೋರು ಪೂರ್ತಿ ಕೆಲಸದಲ್ಲಿ. ಕಾಪಿ ಮುಗಿಯಿತು ಅಂತ ಬಂತು, ಯಾವ ತಪ್ಪೂ ತೋರಿಸಲಿಲ್ಲ. ಎರಡು ಮೂರು ಕ್ಲಿಪ್ ಓಡಿಸಿ ನೋಡಿದೆ, ಚೆನ್ನಾಗಿದ್ದವು. ಸಂಜೆ ಇನ್ನೊಂದು ಮದುವೆಗೆ ಕಾರ್ಡ್ ಬೇಕಿತ್ತು. ಫಾರ್ಮ್ಯಾಟ್ ಮಾಡಿ ಖಾಲಿ ಮಾಡಿದೆ.

ಎಂಟು ದಿನ ಬಿಟ್ಟು ಎಡಿಟಿಂಗ್‌ಗೆ ಕೂತಾಗ ಹನ್ನೊಂದು ಕ್ಲಿಪ್‌ಗಳು ಒಡೆದಿದ್ದವು. ಒಂದು ತೆರೆಯಲೇ ಇಲ್ಲ. ವಿಡಿಯೋದಲ್ಲಿ ಪ್ರತಿ ಫ್ರೇಮನ್ನೂ ಪೂರ್ತಿ ಇಟ್ಟಿರೋದಿಲ್ಲ. ಒಂದು ಪೂರ್ತಿ ಚಿತ್ರ, ಆಮೇಲೆ ಬದಲಾದದ್ದು ಮಾತ್ರ. ಹಾಗಾಗಿ ಎಲ್ಲೋ ಒಂದು ಬಿಟ್ ತಿರುವು ಮುರುವಾದರೆ ಆ ಗಾಯ ಮುಂದಿನ ಪೂರ್ತಿ ಚಿತ್ರ ಬರುವವರೆಗೆ ಹರಡುತ್ತಾ ಹೋಗುತ್ತೆ. ಹಸಿರು, ಗುಲಾಬಿ ಚೌಕಗಳು. ಒಡೆದ ಕ್ಲಿಪ್‌ಗಳಲ್ಲಿ ಒಂದು ಮದುಮಗಳ ಅಜ್ಜಿಯದು. ವಯಸ್ಸಾದವರು, ಇಬ್ಬರು ಹಿಡಿದುಕೊಂಡು ಮಂಟಪಕ್ಕೆ ಕರೆತಂದಿದ್ದರು. ಅಕ್ಕಿಕಾಳು ಹಾಕಲು ಕೈ ಎತ್ತುತ್ತಾರೆ, ಅಲ್ಲಿಗೆ ಮುಖ ಒಡೆಯುತ್ತೆ. ನಾಲ್ಕು ಕಡೆ. ಸರಿ ಮಾಡಲು ಮೂರು ರಾತ್ರಿ ಕೂತೆ. ಉಳಿದದ್ದನ್ನು ಹೊಂದಿಸಿ, ಮಧ್ಯೆ ಫೋಟೋ ಹಾಕಿ ಕೊಟ್ಟೆ.

ಮದುಮಗಳ ಅಣ್ಣ ಬಂದಿದ್ದರು. ಜಗಳ ಆಡಲಿಲ್ಲ. "ನಮ್ಮ ಆಯಿ ಅಕ್ಕಿಕಾಳು ಹಾಕೂದು ಪೂರ್ತಿ ಬರಲೇ ಇಲ್ಲಲ್ರೀ ಅಣ್ಣಾರ, ಹಿಂಗ್ಯಾಕ ಒಡೆದದ?" ಅಂತ ಕೇಳಿದರು. ಕಾರ್ಡ್ ಕೆಟ್ಟಿತ್ತು ಅಂತ ಹೇಳಿಬಿಡಬಹುದಿತ್ತು. ಎಲ್ಲರೂ ಹಾಗೇ ಹೇಳುತ್ತಾರೆ, ಜನ ನಂಬುತ್ತಾರೆ. ನಾನು ಕಂಪ್ಯೂಟರನ್ನು ಜಾಸ್ತಿ ಜೋರಾಗಿ ಓಡಿಸಿದ್ದೆ, ತಪ್ಪು ನನ್ನದು ಅಂದೆ. ದುಡ್ಡು ವಾಪಸ್ ಕೊಟ್ಟೆ. ಅವರು ಅರ್ಧ ಮಾತ್ರ ತಗೊಂಡರು. ಆ ಆಷಾಢದಲ್ಲಿ ಅಜ್ಜಿ ತೀರಿಕೊಂಡರು ಅಂತ ಆಮೇಲೆ ಗೊತ್ತಾಯಿತು.

ಕಾರಣ ಹುಡುಕದೆ ನನಗೆ ಸಮಾಧಾನ ಇರಲಿಲ್ಲ. ರಾತ್ರಿ ಮೆಮ್‌ಟೆಸ್ಟ್ ಎಂಬ ಮೆಮೊರಿ ಪರೀಕ್ಷೆ ಹಾಕಿದೆ. ಬೆಳಗಿನವರೆಗೆ ಸೊನ್ನೆ ತಪ್ಪು. ನಿಲ್ಲಿಸದೆ ಹಾಗೇ ಬಿಟ್ಟೆ. ಮಧ್ಯಾಹ್ನ ಎರಡೂವರೆಗೆ ಮೊದಲ ಕೆಂಪು ಸಾಲು ಬಂತು. ಮೂರೂವರೆ ಹೊತ್ತಿಗೆ ಏಳು ಸಾಲು. ಸಂಜೆ ಹೊತ್ತಿಗೆ ನಿಂತುಹೋಯಿತು. ರ‍್ಯಾಮನ್ನು ನಡೆಸುವ ಕಂಟ್ರೋಲರ್ ಈ ಪ್ರೊಸೆಸರ್‌ಗಳಲ್ಲಿ ಒಳಗೇ ಇರುತ್ತೆ. ಕೋರುಗಳು ಕಾದರೆ ಅದೂ ಕಾಯುತ್ತೆ. ರ‍್ಯಾಮ್ ಕಡ್ಡಿಗಳು ಬಿಸಿ ಹೀಟ್‌ಸಿಂಕಿನ ಪಕ್ಕದಲ್ಲೇ ಇದ್ದವು. ಕಂಟ್ರೋಲರ್‌ಗೆ ಹೇಳಿ ಮಾಡಿಸಿದ ವೇಗ 1333, ನಾನು ಕೇಳಿದ್ದು 1866. ಡಿಸೆಂಬರ್‌ನಲ್ಲಿ ಅದು ಒಪ್ಪಿಕೊಂಡಿತ್ತು. ನಾನು ಡಿಸೆಂಬರ್ ರಾತ್ರಿಯ ಪರೀಕ್ಷೆ ಮಾಡಿ ಏಪ್ರಿಲ್ ಮಧ್ಯಾಹ್ನದ ಕೆಲಸ ಹಚ್ಚಿದ್ದೆ.

ನಮ್ಮ ಸೋದರಮಾವ ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ ಕಂಟ್ರೋಲ್ ರೂಮಿನಲ್ಲಿದ್ದು ರಿಟೈರ್ ಆದವರು. ಅದು ಕೃಷ್ಣಾ ದಂಡೆಯ ಉಷ್ಣ ವಿದ್ಯುತ್ ಸ್ಥಾವರ, ಎಂಟು ಘಟಕಗಳದ್ದು (ಯೂನಿಟ್). ಒಂದು ಭಾನುವಾರ ಊಟಕ್ಕೆ ಕೂತಾಗ ಅವರಿಗೆ ಇದನ್ನೆಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ ಕೇಳಿದರು.

"ಬಂದ್ ಆತೇನು ಮಷಿನ್?"

"ಇಲ್ಲ ಮಾಮಾ, ಬಂದ್ ಆಗ್ಲಿಲ್ಲ. ಓಡ್ತಾನೇ ಇತ್ತು."

"ಅದೇ ನೋಡು ಕೆಟ್ಟದ್ದು. ಯೂನಿಟ್ ಟ್ರಿಪ್ ಆದ್ರ ಪೇಪರಿನ್ಯಾಗ ದೊಡ್ಡದಾಗಿ ಬರ್ತದ. ಜನ ಬೈತಾರ. ಆದ್ರ ತಮ್ಮಾ, ಬೇರಿಂಗ್ ಕಾದ್ರ ಟರ್ಬೈನ್ ತಾನೇ ನಿಲ್ಲಬೇಕು. ನಿಂತ್ರ ನಾವು ಮತ್ತ ಚಾಲೂ ಮಾಡ್ತೀವಿ. ಮೀಟರ್ ಸುಳ್ಳು ತೋರಿಸಿ ಓಡಕೋತ ಹೋದ್ರ ಏನ್ ಮಾಡ್ಲಿಕ್ಕೂ ಬರಂಗಿಲ್ಲ."

ನಾನು ಆವರೆಗೆ ಅಪಾಯ ಅಂದರೆ ಪ್ರೊಸೆಸರ್ ಸುಟ್ಟುಹೋಗೋದು ಅಂತ ತಿಳಿದಿದ್ದೆ. ಹತ್ತು ಹನ್ನೆರಡು ಸಾವಿರದ ವಸ್ತು, ಹೋದರೆ ನನ್ನದು ಹೋಗುತ್ತೆ ಅಂತ ಲೆಕ್ಕ ಹಾಕಿದ್ದೆ. ಪ್ರೊಸೆಸರ್ ಸುಡಲಿಲ್ಲ. ನೀಲಿ ಪರದೆ ಬರಲಿಲ್ಲ. ಬಂದಿದ್ದರೆ ಆ ಕಾರ್ಡ್ ನಾನು ಫಾರ್ಮ್ಯಾಟ್ ಮಾಡುತ್ತಿರಲಿಲ್ಲ. ಕಳೆದುಹೋದದ್ದು ನನ್ನ ವಸ್ತುವೂ ಅಲ್ಲ. ಪಣಕ್ಕಿಟ್ಟದ್ದು ಬೇರೆಯವರದ್ದು, ಅವರನ್ನು ಕೇಳದೆ. ಈ ಮಾತನ್ನು ಓವರ್‌ಕ್ಲಾಕಿಂಗ್ ಬಗ್ಗೆ ಬರೆಯುವವರು ಯಾರೂ ನನಗೆ ಹೇಳಿರಲಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ರ‍್ಯಾಮನ್ನು ಅವತ್ತೇ 1333ಕ್ಕೆ ಇಳಿಸಿದೆ. ಪ್ರೊಸೆಸರ್ ಇಳಿಸಲು ಮನಸ್ಸು ಬರಲಿಲ್ಲ, ಚಳಿಗಾಲಕ್ಕೆ 4.5, ಬೇಸಿಗೆಗೆ 4.2 ಅಂತ ಇಟ್ಟುಕೊಂಡೆ. ಎರಡು ವರ್ಷ ಕಳೆದ ಮೇಲೆ 4.5 ನಿಲ್ಲುವುದು ಬಿಟ್ಟಿತು. 1.38 ಸಾಲದೆ 1.42 ಕೇಳಿತು. ಸವೆದಿತ್ತು. ಚಿಪ್ಪಿನ ಒಳಗಿನ ತಂತಿಗಳು ತೀರಾ ಸಣ್ಣವು. ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನೇ ತಳ್ಳಿಕೊಂಡು ಹೋಗುತ್ತವೆ, ಕೃಷ್ಣೆ ಮರಳನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಗುಡ್ಡೆ ಹಾಕುವ ಹಾಗೆ. ಕರೆಂಟ್ ಜಾಸ್ತಿಯಾದರೆ ಬೇಗ, ಕಾವು ಜಾಸ್ತಿಯಾದರೆ ಇನ್ನೂ ಬೇಗ. ಜೇಮ್ಸ್ ಬ್ಲ್ಯಾಕ್ ಎಂಬ ಎಂಜಿನಿಯರ್ 1969ರಲ್ಲೇ ಇದಕ್ಕೆ ಸೂತ್ರ ಬರೆದಿದ್ದರು. ಮದರ್‌ಬೋರ್ಡ್ ಮೇಲಿನ ಕೆಪ್ಯಾಸಿಟರ್‌ಗಳಿಗೂ ಇಂಥದೇ ಲೆಕ್ಕ ಇದೆ. ಹತ್ತು ಡಿಗ್ರಿ ಜಾಸ್ತಿಯಾದರೆ ಆಯುಸ್ಸು ಸುಮಾರು ಅರ್ಧ. ನನ್ನ ಬೋರ್ಡಿನಲ್ಲಿ ಎರಡು ಕೆಪ್ಯಾಸಿಟರ್ ತಲೆ ಉಬ್ಬಿ ಅದು 2016ರಲ್ಲಿ ಹೋಯಿತು. ಪ್ರೊಸೆಸರ್ ಅಂದಿನಿಂದ ಡ್ರಾದಲ್ಲಿದೆ.

ಈಗ ಕಾಲ ಬದಲಾಗಿದೆ. ಪ್ರೊಸೆಸರ್ ಮಾಡುವವರೇ ವೇಗವನ್ನು ಅಂಚಿನವರೆಗೆ ಎಳೆದು ಕೊಡುತ್ತಾರೆ. 2500ಕೆ ಬಿಟ್ಟಿದ್ದಂಥ ಜಾಗ ನಮಗೆ ಉಳಿದಿಲ್ಲ. ಆ ಅಂಚು ಎಷ್ಟು ತೆಳ್ಳಗಿದೆ ಅಂತ ಎರಡು ಸಲ ಜಗತ್ತೇ ನೋಡಿತು. 2023ರಲ್ಲಿ ಎಎಂಡಿ ಕಂಪನಿಯ ಕೆಲವು ಹೊಸ ರೈಜನ್ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟವು, ಆಮೇಲೆ ಮೆಮೊರಿ ಕಂಟ್ರೋಲರ್ ಮುಂತಾದ ಭಾಗಗಳಿಗೆ ಹೋಗುವ ಎಸ್‌ಒಸಿ ವೋಲ್ಟೇಜ್ 1.3 ದಾಟದಂತೆ ಬಯಾಸ್‌ನಲ್ಲೇ ತಡೆ ಹಾಕಿದರು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರ್‌ಗಳು ಓವರ್‌ಕ್ಲಾಕ್ ಮಾಡದೆಯೂ ಸವೆಯುತ್ತಿರುವುದು ಬೆಳಕಿಗೆ ಬಂತು. ಆಗಸ್ಟ್‌ನಲ್ಲಿ ಬಂದ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) 1.55 ವೋಲ್ಟ್‌ಗಿಂತ ಜಾಸ್ತಿ ಕೇಳದಂತೆ ಕಟ್ಟು ಹಾಕಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಆಗಲೇ ಸವೆದದ್ದು ಮಾತ್ರ ಯಾವ ಅಪ್‌ಡೇಟ್‌ನಿಂದಲೂ ವಾಪಸ್ ಬರೋದಿಲ್ಲ.

ನಾನು ಈಗ ಉಲ್ಟಾ ಕೆಲಸ ಮಾಡುತ್ತೇನೆ. ವೋಲ್ಟೇಜ್ ಇಳಿಸುತ್ತೇನೆ. ವರ್ಗದ ಲೆಕ್ಕ ಕೆಳಗಿಳಿಯುವಾಗಲೂ ಅಷ್ಟೇ ಜೋರು. ಚೂರು ಇಳಿಸಿದರೂ ಶಾಖ ಬಹಳ ಇಳಿಯುತ್ತೆ, ವೇಗ ಹೋಗೋದು ಸ್ವಲ್ಪವೇ. ಬೇಸಿಗೆಯಲ್ಲಿ ನನ್ನ ರೈಜನ್ 65 ವಾಟಿನ ಇಕೋ ಮೋಡ್‌ನಲ್ಲಿರುತ್ತೆ. ವೋಲ್ಟೇಜ್ ಇಳಿಸುವುದಕ್ಕೂ ಪರೀಕ್ಷೆ ಬೇಕು, ತೀರಾ ಇಳಿಸಿದರೂ ಅದೇ ತಪ್ಪು ಲೆಕ್ಕ ಬರುತ್ತೆ. ಪರೀಕ್ಷೆ ಮಾಡೋದು ಮೇ ತಿಂಗಳ ಮಧ್ಯಾಹ್ನ, ಕೂಲರ್ ಬಂದ್ ಮಾಡಿ, ಬಾಗಿಲು ಹಾಕಿ. ಕಾಪಿ ಮಾಡಿದ ಪ್ರತಿ ಫೈಲಿಗೂ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಕಾರ್ಡಿನದರ ಜೊತೆ ಹೋಲಿಸುತ್ತೇನೆ. ಒಂದು ಸಣ್ಣ ವಿಷಯ ಗಮನಿಸಿ. ಕಾಪಿ ಮಾಡಿದ ಕೂಡಲೇ ಹೋಲಿಸಿದರೆ ಕಂಪ್ಯೂಟರ್ ಡಿಸ್ಕಿನಿಂದ ಓದದೆ ರ‍್ಯಾಮಿನಲ್ಲಿ ಉಳಿದದ್ದನ್ನೇ ಓದಬಹುದು. ಹಾಗಾಗಿ ಡಿಸ್ಕನ್ನು ಕಿತ್ತು, ಮತ್ತೆ ಚುಚ್ಚಿ, ಆಮೇಲೆ ಹೋಲಿಸಬೇಕು. ಎರಡು ಡಿಸ್ಕಿನಲ್ಲಿ ಹೊಂದಿದ ಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್. ಇದಕ್ಕೆ ಒಂದು ಮದುವೆಗೆ ಮುಕ್ಕಾಲು ಗಂಟೆ ಹೋಗುತ್ತೆ. ಹೋಗಲಿ.

ಓವರ್‌ಕ್ಲಾಕಿಂಗ್ ಮಾಡಬೇಡಿ ಅಂತ ನಾನು ಯಾರಿಗೂ ಹೇಳೋದಿಲ್ಲ. ಕಳೆದ ತಿಂಗಳು ನಮ್ಮ ಓಣಿಯ ಎಂಜಿನಿಯರಿಂಗ್ ಹುಡುಗ ಹೊಸ ಕಂಪ್ಯೂಟರ್ ಹೊತ್ತುಕೊಂಡು ಬಂದ. ಗಾಜಿನ ಕೇಸು, ಒಳಗೆ ಬಣ್ಣದ ಲೈಟು. ವೇಗ ಎಷ್ಟರ ತನಕ ಎಳೆಯಬಹುದು ಅಣ್ಣಾ ಅಂತ ಕೇಳಿದ. ಅವನ ಕಣ್ಣಿನ ಹೊಳಪು ನನಗೆ ಗುರುತು ಸಿಕ್ಕಿತು. ಕೂತ್ಕೋ, ಮಾಡೋಣ ಅಂದೆ. ಇದರಲ್ಲಿ ಏನೇನು ಇಟ್ಟಿದ್ದೀಯಾ ಅಂತ ಕೇಳಿದೆ. ಗೇಮ್, ಕಾಲೇಜಿನ ಪ್ರಾಜೆಕ್ಟ್, ಅಪ್ಪನ ಅಂಗಡಿ ಲೆಕ್ಕ, ಅಕ್ಕನ ಮದುವೆ ಫೋಟೋ ಅಂದ. ಅವು ಬೇರೆ ಕಡೆ ಎಲ್ಲಾದರೂ ಇವೆಯಾ ಅಂದೆ. ಇಲ್ಲ ಅಂದ.

ಬಯಾಸ್ ತೆರೆಯುವ ಮೊದಲು ನನ್ನ ಕಂಪ್ಯೂಟರಿನಲ್ಲಿ ಒಂದು ಕ್ಲಿಪ್ ಹಾಕಿ ತೋರಿಸಿದೆ. ಮಾನ್ವಿ ಕಡೆಯ ಮದುವೆ, 2014. ಇಬ್ಬರು ಹಿಡಿದುಕೊಂಡಿದ್ದಾರೆ. ಅಜ್ಜಿ ಬಗ್ಗಿ ತಟ್ಟೆಯಿಂದ ಅಕ್ಕಿಕಾಳು ತಗೊಳ್ಳುತ್ತಾರೆ. ಮುಷ್ಟಿ ಮೇಲೆ ಬರುತ್ತೆ, ಬೆರಳು ಬಿಚ್ಚುವ ಹೊತ್ತಿಗೆ ಹಸಿರು ಚೌಕಗಳು ಪರದೆ ತುಂಬುತ್ತವೆ. ಹುಡುಗ ಮೌಸ್ ಹಿಡಿದು ಹಿಂದಕ್ಕೆ ಎಳೆದು ಮತ್ತೊಮ್ಮೆ ಓಡಿಸಿದ. ಆಮೇಲೆ ಬ್ಯಾಗಿನಿಂದ ಹಾರ್ಡ್‌ಡಿಸ್ಕ್ ತೆಗೆದ.